ಕಾಲೇಜು ನೋಡಲು ಹೋದ ಹುಬ್ಬಳ್ಳಿಯವರು

ಹೋದ ಮಳೆಗಾಲದಲ್ಲಿ ಹಲ್ಲು ಕೀಳಿಸಿಕೊಳ್ಳಲೆಂದು ಧಾರವಾಡಕ್ಕೆ ಹೋಗಿದ್ದೆ. ಡಾಕ್ಟರು ಮಧ್ಯಾಹ್ನ ಬರುತ್ತಾರೆ ಅಂದರು. ಅಲ್ಲಿ ಕೂತು ಬೇರೆಯವರ ನರಳಾಟ ಕೇಳುವುದಕ್ಕಿಂತ ವಾಸಿ ಎಂದು ಕಾಲೇಜಿನ ಕಡೆ ನಡೆದೆ. ಮಳೆ ಹಿಡಿದುಕೊಂಡಿತು. ಹಳೆಯ ಕಟ್ಟಡದ ಪಡಸಾಲೆ ಹತ್ತಿ ನಿಂತರೆ, ಒಂದು ಬಸ್ಸಿನ ತುಂಬ ಪ್ರವಾಸಿಗರು ನನಗಿಂತ ಮೊದಲೇ ಬಂದು ನಿಂತಿದ್ದರು. ಕೊಡೆಗಳನ್ನೆಲ್ಲ ಸಾಲಾಗಿ ಗೋಡೆಗೆ ಆನಿಸಿಟ್ಟಿದ್ದರು. ನೆನೆದ ಕೊಡೆಗಳಿಗೆ ಒಂದು ವಾಸನೆ ಇರುತ್ತದೆ: ಕಪ್ಪು ಬಟ್ಟೆ, ತುಕ್ಕು ಹಿಡಿದ ಕಡ್ಡಿ, ಹಿಡಿದವರ ಕೈಬೆವರು ಎಲ್ಲ ಕೂಡಿದ ವಾಸನೆ. ಅದು ಮೂಗಿಗೆ ಬಡಿದದ್ದೇ ತಡ, ನನ್ನ ಮೈ ಉರಿಯತೊಡಗಿತು.

ಅವರನ್ನು ಕರೆತಂದವನು ಒಬ್ಬ ಕನ್ನಡಕದವನು. ಇದು ವಿದ್ಯಾನಗರಿ, ಇಲ್ಲಿಯ ಮಣ್ಣಿನಲ್ಲೇ ವಿದ್ಯೆ ಇದೆ, ಇಲ್ಲಿಯ ಗಾಳಿ ಕುಡಿದವನೂ ಪಂಡಿತನಾಗುತ್ತಾನೆ ಎಂದು ಒದರುತ್ತಿದ್ದ. ಒಬ್ಬ ಹೆಂಗಸು ನಿಜಕ್ಕೂ ಬಗ್ಗಿ ಮಣ್ಣು ನೋಡಿದಳು. ಗಾಳಿ ಕುಡಿದು ಪಂಡಿತರಾಗುವುದಿದ್ದರೆ ಈ ಊರಿನ ಟಾಂಗಾ ಕುದುರೆಗಳೆಲ್ಲ ಎಂದೋ ಪದವಿ ಪಡೆಯಬೇಕಿತ್ತು. ಅಷ್ಟರಲ್ಲಿ ಮಣ್ಣು ನೋಡಿದ ಹೆಂಗಸು ನನ್ನತ್ತ ತಿರುಗಿ, “ಅಜ್ಜಿ, ನೀವೂ ಕಾಲೇಜು ನೋಡಲಿಕ್ಕೆ ಬಂದವರಾ?” ಅಂದಳು.

“ಹೌದವ್ವಾ, ಒಮ್ಮೆ ಬಂದಿದ್ದೆ, ಹಿಂಗ, ಮಂದಿ ಕಟಗೊಂಡು” ಅಂದೆ. ಆಕೆಗೆ ಅಷ್ಟು ಸಾಕಾಯಿತು. ನನಗೆ ಸಾಕಾಗಲಿಲ್ಲ.

ಅದು ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರದ ಕಾಲ. ನಾವು ಹುಬ್ಬಳ್ಳಿಯವರು. ಅರಳೆ ವ್ಯಾಪಾರದ ಮನೆ. ನಾನು ಚಿಕ್ಕವಳಿದ್ದಾಗಲೇ ಅಪ್ಪ ತೀರಿಕೊಂಡಿದ್ದ. ಮನೆ, ಅಂಗಡಿ, ಅವ್ವ, ನಾನು, ಎಲ್ಲ ದೊಡ್ಡಪ್ಪ ಚನ್ನಬಸಪ್ಪನ ಕೈಯೊಳಗೆ. ದೊಡ್ಡಪ್ಪ ಕೆಟ್ಟವನಲ್ಲ. ಆದರೆ ಜಗತ್ತಿನಲ್ಲಿ ಅರಳೆಯೊಂದನ್ನು ಬಿಟ್ಟು ಬೇರೆ ಏನಾದರೂ ಇದ್ದೀತು ಎಂಬ ಸಂಶಯವೇ ಅವನಿಗೆ ಬಂದಿರಲಿಲ್ಲ. ಯಾರ ಮನೆಗೆ ಹೋದರೂ ಹಾಸಿಗೆಯ ಮೂಲೆಯಿಂದ ಒಂದು ಚಿಟಿಕೆ ಹತ್ತಿ ಎಳೆದು, ಎರಡು ಹೆಬ್ಬೆರಳುಗಳ ನಡುವೆ ಹಿಡಿದು ಜಗ್ಗಿ, ಎಳೆಯ ಉದ್ದ ನೋಡಿ, “ಹೂಂ” ಅನ್ನುತ್ತಿದ್ದ. ಸಾವಿನ ಮನೆಗೆ ಹೋದಾಗಲೂ ಹಾಗೆ ಮಾಡಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ನಮ್ಮ ಪೇಟೆಯಲ್ಲಿ ಆಗ ದರವನ್ನು ಬಾಯಿಬಿಟ್ಟು ಹೇಳುವ ಪದ್ಧತಿ ಇರಲಿಲ್ಲ. ಮಾರುವವನು ಕೈ ಚಾಚುತ್ತಿದ್ದ. ಕೊಳ್ಳುವವನು ಆ ಕೈಯ ಮೇಲೆ ತನ್ನ ಶಲ್ಯ ಹೊದಿಸಿ, ಅದರಡಿಯಲ್ಲಿ ಬೆರಳುಗಳನ್ನು ಒತ್ತಿ ದರ ತಿಳಿಸುತ್ತಿದ್ದ. ಮಾರುವವನಿಗೆ ಬೇಡವಾದರೆ ಬೆರಳು ಕೊಡವುತ್ತಿದ್ದ, ಕೊಳ್ಳುವವನು ಮತ್ತೊಂದು ಹಿಡಿಯುತ್ತಿದ್ದ. ಸುತ್ತಲೂ ನಿಂತವರಿಗೆ ಕಾಣುವುದು ಒಂದು ಬಟ್ಟೆಯ ತುಣುಕು ಮತ್ತು ಎರಡು ಕಲ್ಲಿನಂಥ ಮುಖ, ಅಷ್ಟೆ. ಕೊನೆಗೆ ಮಾರುವವನು ತನ್ನ ಇನ್ನೊಂದು ಕೈಯನ್ನು ಶಲ್ಯದ ಮೇಲಿಟ್ಟು ಒತ್ತಿದನೆಂದರೆ ವ್ಯಾಪಾರ ಮುಗಿಯಿತು. ಇದಕ್ಕೇ ಕೈ ಕೊಡುವುದು ಎನ್ನುತ್ತಿದ್ದರು. ಆಮೇಲೆ ಆಕಾಶ ಕೆಳಗೆ ಬಿದ್ದರೂ ಮಾತು ಹಿಂದಿಲ್ಲ. ಕೈ ಕೊಟ್ಟು ತಿರುಗಿ ಬಿದ್ದವನ ಅಂಗಡಿಯ ಕಟ್ಟೆಯ ಮೇಲೆ ಯಾರೂ ಕೂಡುತ್ತಿರಲಿಲ್ಲ, ಅವನ ಎಲೆ ಅಡಿಕೆ ಮುಟ್ಟುತ್ತಿರಲಿಲ್ಲ.

ಆ ವರ್ಷ ಮುಂಗಾರು ಬೇಗ ಬಂತು. ದೊಡ್ಡಪ್ಪ ಕೈ ಕೊಟ್ಟು ತಂದ ಮಾಲಿನ ಅಂಡಿಗೆಗಳನ್ನು, ಆ ದೊಡ್ಡ ಮೂಟೆಗಳನ್ನು, ಬಿಚ್ಚಿದರೆ ಒಳಗೆಲ್ಲ ಹಸಿ. ಮೇಲೆ ಮಾತ್ರ ಒಣ ಅರಳೆ ತುಂಬಿ ಕಳಿಸಿದ್ದರು. ತಿರುಗಿ ಕಳಿಸು ಎಂದು ಪೇಟೆಯೇ ಹೇಳಿತು. ಮೋಸದ ಮಾಲಿಗೆ ಆ ನೇಮ ಇಲ್ಲ ಎಂದು ಹಿರಿಯ ವ್ಯಾಪಾರಿಗಳೂ ಹೇಳಿದರು. “ಕೈ ಕೊಟ್ಟೇನಿ” ಅಂದ ದೊಡ್ಡಪ್ಪ, ಮುಗಿಯಿತು. ಆ ಹಸಿ ಅರಳೆಯನ್ನು ಪಡಸಾಲೆ, ಅಡುಗೆಮನೆ, ಅಟ್ಟ, ದೇವರ ಜಗಲಿಯ ತನಕ ಹರವಿದೆವು. ಹೆಣ್ಣುಮಕ್ಕಳೆಲ್ಲ ಕೂತು ಹಿಂಜಿದೆವು. ಕೆಮ್ಮಿದೆವು, ಸೀನಿದೆವು. ರೊಟ್ಟಿಯಲ್ಲಿ ಅರಳೆ, ಸಾರಿನಲ್ಲಿ ಅರಳೆ. ಹೊರಗೆ ಮಳೆ ನಿಲ್ಲಲೊಲ್ಲದು. ಇದಕ್ಕೆ ಊರವರು ಮರ್ಯಾದೆ ಎಂದು ಹೆಸರಿಟ್ಟರು. ಮೊಂಡತನ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಹಾಗೆ ಅರಳೆ ಹಿಂಜುತ್ತ ಕೂತಾಗಲೇ ನಾನು ಮ್ಯಾಟ್ರಿಕ್ ಪಾಸಾದ ಸುದ್ದಿ ಬಂತು.

ಸಾಲಿಯ ಹೆಡ್‌ಮಿಸ್ಟ್ರೆಸ್ ತಾವೇ ಕೊಡೆ ಹಿಡಿದು ಮನೆಗೆ ಬಂದರು. ಹುಡುಗಿಯನ್ನು ಧಾರವಾಡದ ಕಾಲೇಜಿಗೆ ಹಚ್ಚಿರಿ, ಪಾಲಕರು ಖುದ್ದಾಗಿ ಹೋಗಿ ಒಪ್ಪಿಗೆ ಕೊಡಬೇಕು, ಇದೇ ಶನಿವಾರ ಕೊನೆಯ ದಿನ ಎಂದು ಹೇಳಿದರು. ದೊಡ್ಡಪ್ಪ ಅವರಿಗೆ ಚಹಾ ಕುಡಿಸಿದ. ಛಲೋ ಆತು, ಭಾಳ ಛಲೋ ಆತು ಅಂದ. ಅವರು ಮೆಟ್ಟಿಲಿಳಿದ ಮೇಲೆ ಅವ್ವನ ಕಡೆ ತಿರುಗಿ, “ರಾಣೆಬೆನ್ನೂರವರಿಗೆ ಹೂಂ ಅಂದೇನಿ. ದಸರಿ ಮುಗದ ಮ್ಯಾಲೆ ಲಗ್ನ. ಅವರದು ಜಿನ್ನಿಂಗ್ ಫ್ಯಾಕ್ಟರಿ ಐತಿ, ಹುಡುಗ ಛಲೋ ಅದಾನ” ಅಂದ. ನನಗೆ ಹೇಳಲಿಲ್ಲ. ನಾನು ಅಲ್ಲೇ, ಎರಡು ಮಾರು ದೂರದಲ್ಲಿ, ಕೈಯಲ್ಲಿ ಅರಳೆ ಹಿಡಿದು ಕೂತಿದ್ದೆ.

ನಾನು ಊಟ ಬಿಟ್ಟೆ. ಆಗಿನ ಕಾಲದ ಹುಡುಗಿಗೆ ಇದ್ದದ್ದು ಅದೊಂದೇ ಅಸ್ತ್ರ. ಒಂದು ಹೊತ್ತು, ಎರಡು ಹೊತ್ತು ಆಯಿತು. ದೊಡ್ಡವ್ವನಿಗೆ ಹೆದರಿಕೆಯಾಯಿತು. ಹೊಟ್ಟೆಯಲ್ಲಿ ಅನ್ನಕ್ಕೆ ಇದ್ದಷ್ಟು ಜಾಗವನ್ನು ತಲೆಯಲ್ಲಿ ವಿವೇಕಕ್ಕೆ ಇಟ್ಟುಕೊಂಡ ಹೆಂಗಸಲ್ಲ ಆಕೆ. ಆಕೆಗೆ ತಿಳಿದ ಔಷಧಿಯನ್ನೇ ಹೇಳಿದಳು. ಬಸುರಿ ಹೆಂಗಸಿಗೆ ಬಯಕೆಯಾದಾಗ ಏನು ಮಾಡುತ್ತಾರೆ? ಹುಣಸೆಕಾಯಿ ಬೇಡಿದರೆ ಒಂದು ಹುಣಸೆಕಾಯಿ ತಂದುಕೊಡುತ್ತಾರೆ, ಗಿಡವನ್ನೇ ತಂದು ಅಂಗಳದಲ್ಲಿ ನೆಡುವುದಿಲ್ಲ.

“ಹುಡುಗಿ ಕಾಲೇಜಿಗೆ ಆಸಿಪಟ್ಟಾಳ. ಆಸಿ ಹೊಟ್ಯಾಗ ಉಳಸಕೊಂಡು ಗಂಡನ ಮನಿಗೆ ಹೋಗಬಾರದು. ಒಮ್ಮೆ ಕರ್ಕೊಂಡು ಹೋಗಿ ತೋರಿಸಿಬಿಡ್ರಿ. ಕಣ್ತುಂಬ ನೋಡ್ಲಿ. ನೋಡಿದ ಮ್ಯಾಲೆ ಬಯಕಿ ಇಳೀತೈತಿ” ಅಂದಳು.

ದೊಡ್ಡಪ್ಪನಿಗೆ ಇದು ಬಹಳ ಸರಿ ಕಂಡಿತು. ಮಳೆಗಾಲದಲ್ಲಿ ಪೇಟೆ ಮಂದ, ಅವನಿಗೂ ಕೆಲಸ ಇರಲಿಲ್ಲ. ಮಾತು ಮನೆಯಿಂದ ಓಣಿಗೆ ಹೋಯಿತು. ನೀಲಾಗೆ ಕಾಲೇಜು ತೋರಿಸಲು ಹೋಗುತ್ತಾರಂತೆ, ನಾವೂ ನೋಡಿಲ್ಲ, ನಾವೂ ಬರುತ್ತೇವೆ. ದೊಡ್ಡವ್ವನ ಇಬ್ಬರು ಗೆಳತಿಯರು, ಅವರಲ್ಲೊಬ್ಬಳ ಮುದಿ ಅತ್ತೆ, ಎಲ್ಲರೂ ಹೊರಟರು. ಮಾದಲಿ ಕಟ್ಟಿದರು, ಕಡಕ್ ರೊಟ್ಟಿ ಕಟ್ಟಿದರು, ಶೇಂಗಾ ಚಟ್ನಿ, ಮೊಸರು. ದೊಡ್ಡವ್ವ ಒಂದು ತೆಂಗಿನಕಾಯಿಯನ್ನೂ ಚೀಲದೊಳಗೆ ಹಾಕಿಕೊಂಡಳು. ನನ್ನ ಬಾಳನ್ನು ಮುಗಿಸುವ ಕೆಲಸಕ್ಕೆ ಬುತ್ತಿ ಕಟ್ಟಿಕೊಂಡು ಹೊರಟ ಆ ಮೆರವಣಿಗೆಯನ್ನು ನೆನೆದರೆ ಈಗಲೂ ನಗು ಬರುತ್ತದೆ, ಒಳ್ಳೆಯ ನಗುವಲ್ಲ. ಅವ್ವ ಬರಲಿಲ್ಲ. ಬಾಗಿಲಲ್ಲಿ ನಿಂತು, “ಬರೂವಾಗ ಅಳಕೋತ ಬರಬ್ಯಾಡ” ಅಂದಳು. ಶನಿವಾರ ಬೆಳಗಿನ ರೈಲಿಗೆ ಹೊರಟೆವು.

ನನ್ನ ಆಸೆಯೆಲ್ಲ ಗುರಪ್ಪ ಮಾಮಾನ ಮೇಲಿತ್ತು. ಗುರಪ್ಪ ಮಾಸ್ತರ ಎಂದರೆ ದೊಡ್ಡವ್ವನ ತಮ್ಮ, ಧಾರವಾಡದಲ್ಲಿ ಹೈಸ್ಕೂಲು ಮಾಸ್ತರ. ನಮ್ಮ ಸಾಲಿಯ ಬಹುಮಾನ ಸಮಾರಂಭಕ್ಕೆ ಬಂದು ಸ್ತ್ರೀಶಿಕ್ಷಣದ ಮೇಲೆ ಭಾಷಣ ಮಾಡಿದ್ದ. ಒಬ್ಬ ಹೆಣ್ಣುಮಗಳು ಕಲಿತರೆ ಹೀಗೆ, ಕಲಿಯದಿದ್ದರೆ ಹಾಗೆ ಎಂದು ಗಂಟಲು ಗದ್ಗದವಾಗುವ ತನಕ ಮಾತಾಡಿ, ಜರಿ ಅಂಚಿನ ಶಲ್ಯದಿಂದ ಕಣ್ಣು ಒರೆಸಿಕೊಂಡಿದ್ದ. ನಾನೂ ಅತ್ತಿದ್ದೆ. ಇಂಥ ಮನುಷ್ಯ ಒಂದು ಮಾತು ಹೇಳಿದರೆ ದೊಡ್ಡಪ್ಪ ಕೇಳದೆ ಇರುತ್ತಾನೆಯೇ ಎಂದುಕೊಂಡಿದ್ದೆ. ಧಾರವಾಡದ ಸಪ್ತಾಪುರದಲ್ಲಿ ಮಾಮಾ ಇದ್ದ ಮನೆ ದೊಡ್ಡಪ್ಪನದು, ಅಲ್ಲಿ ಅವನು ಪುಕ್ಕಟೆಯಾಗಿ ಇದ್ದ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದರೂ ಅದರ ಅರ್ಥ ಆಗಿರಲಿಲ್ಲ.

ಸ್ಟೇಷನ್ನಿನಲ್ಲಿ ಮಾಮಾ ಕೊಡೆ ಹಿಡಿದು ನಿಂತಿದ್ದ. ಟಾಂಗಾ ಹತ್ತಿದಲ್ಲಿಂದ ಅವನ ಬಾಯಿ ಮುಚ್ಚಲಿಲ್ಲ. ಇಲ್ಲಿ ಇಂಥ ವಿದ್ವಾಂಸರು ಇದ್ದರು, ಅಲ್ಲಿ ಇಂಥ ಗವಾಯಿಗಳು ಹಾಡಿದರು, ಈ ಗಿಡದ ಕೆಳಗೆ ಇಂಥವರು ತತ್ತ್ವ ಮಾತಾಡಿದರು. “ಹುಬ್ಬಳ್ಳಿಯೊಳಗ ರೊಕ್ಕ ಐತ್ರಿ, ಧಾರವಾಡದಾಗ ಸಂಸ್ಕಾರ ಐತಿ. ನಾಳೆ ಯುನಿವ್ಹರ್ಸಿಟಿನೂ ಇಲ್ಲೇ ಬರ್ತೈತಿ, ಬರದುಕೊಳ್ರಿ” ಅಂದ. ಊರ ಬಗ್ಗೆ ಮಾತಾಡುವಾಗ ಊರನ್ನು ತಾನೇ ಕಟ್ಟಿಸಿದವನ ಹಾಗೆ ಎದೆ ಉಬ್ಬಿಸುತ್ತಿದ್ದ. ಧಾರವಾಡದ ಮಂದಿಗೆ ಇದೊಂದು ರೋಗ. ಮನೆಗೆ ಬಂದವರಿಗೆ ಒಂದು ಲೋಟ ಚಹಾದ ಜೊತೆ ನಾಲ್ಕು ಲೋಟ ಸಂಸ್ಕಾರ ಕುಡಿಸಿಯೇ ಕಳಿಸುತ್ತಾರೆ.

ಕಾಲೇಜು ಮೊದಲು ರೈಲು ಕಂಪನಿಯ ಕಚೇರಿಯಾಗಿದ್ದ ದೊಡ್ಡ ಕಲ್ಲಿನ ಕಟ್ಟಡ. ಮೆಟ್ಟಿಲ ಹತ್ತಿರ ನಮ್ಮವರು ಚಪ್ಪಲಿ ಬಿಟ್ಟರು. ಮಾಮಾ ಬೇಡ ಬೇಡ ಅನ್ನುವಷ್ಟರಲ್ಲಿ ದೊಡ್ಡವ್ವ ಹೊಸ್ತಿಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಒಳಗೆ ಹೋದಳು. ಉದ್ದನೆಯ ಪಡಸಾಲೆಯ ಉದ್ದಕ್ಕೂ ಕಣ್ಣಾಡಿಸಿ, “ಇಷ್ಟ ದೊಡ್ಡದೈತಿ, ಗದ್ದಿಗಿ ಎಲ್ಲೈತ್ಯೋ ಗುರಪ್ಪಾ?” ಅಂದಳು.

“ಗದ್ದಿಗಿ ಇಲ್ಲಕ್ಕಾ, ಇದು ಮಠ ಅಲ್ಲ.”

“ಗದ್ದಿಗಿ ಇಲ್ಲ?” ಮುದಿ ಅತ್ತೆ ನಿಂತುಬಿಟ್ಟಳು. “ಮತ್ತ ಇವರೆಲ್ಲಾ ಯಾರ ಸೇವಾ ಮಾಡಾಕತ್ಯಾರ?”

ಕ್ಲಾಸಿನ ಕಿಟಕಿಗಳಲ್ಲಿ ಹುಡುಗರ ಮುಖಗಳು ಮೂಡಿದವು. ಹುಬ್ಬಳ್ಳಿ ಜಾತ್ರಿ ಬಂತು ನೋಡ್ರಲೇ ಎಂದು ಯಾರೋ ಅಂದ. ನಕ್ಕರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಮ್ಮವರ ಮೇಲೆ ಸಿಟ್ಟು, ಆ ಹುಡುಗರ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟು. ಅವರಲ್ಲಿ ಅರ್ಧ ಜನ ನಪಾಸಾಗಿ ಅಪ್ಪನ ಹೊಲಕ್ಕೆ ಹಿಂದಿರುಗುವವರು. ಆದರೂ ಅವರು ಕಿಟಕಿಯ ಒಳಗಿದ್ದರು, ನಾನು ಹೊರಗಿದ್ದೆ.

ಮಾಮಾ ನಮ್ಮನ್ನು ಗ್ರಂಥಾಲಯಕ್ಕೆ ಕರೆದುಕೊಂಡು ಹೋದ. ದೊಡ್ಡಪ್ಪ ಕಪಾಟುಗಳ ಮುಂದೆ ಕೈ ಹಿಂದೆ ಕಟ್ಟಿ ನಡೆದಾಡಿ, “ಇಷ್ಟೂ ಯಾರರೆ ಓದ್ಯಾರೇನು?” ಅಂದ.

“ಬೇಕಾದಾಗ ತಕ್ಕೊಂತಾರ್ರಿ ಮಾವಾರ” ಅಂದ ಮಾಮಾ.

“ಹಂಗಾದ್ರ ನಿಂತ ಮಾಲು” ಎಂದು ದೊಡ್ಡಪ್ಪ ತಲೆಯಾಡಿಸಿದ. ಕಿಟಕಿಯ ಪರದೆಯಿಂದ ಒಂದು ಎಳೆ ಜಗ್ಗಿ ನೋಡಿ, “ಗಿಡ್ಡ ಎಳಿ” ಅಂದ. ಅವನ ಮಟ್ಟಿಗೆ ಕಾಲೇಜು ಅಲ್ಲಿಗೆ ಮುಗಿಯಿತು.

ನಾನು ಆ ಕಪಾಟುಗಳ ಮುಂದೆ ಏನು ಮಾಡಿದೆ ಎಂದು ಕೇಳಬೇಡಿ. ಏನೂ ಮಾಡಲಿಲ್ಲ. ಒಂದು ಪುಸ್ತಕ ಮುಟ್ಟಲು ಕೈ ಚಾಚಿದೆ. “ಏ, ಮುಟ್ಟಬ್ಯಾಡ, ಬೈದಾರು” ಅಂದಳು ದೊಡ್ಡವ್ವ. ಕೈ ಹಿಂದಕ್ಕೆ ತೆಗೆದೆ. ಬಯಕೆ ಇಳಿಯುತ್ತದೆ ಅಂದಿದ್ದರಲ್ಲ, ಇಳಿಯಲಿಲ್ಲ. ಹೊಟ್ಟೆಯೊಳಗೆ ಕೆಂಡವಾಗಿ ಕೂತಿತು.

ಮಧ್ಯಾಹ್ನ ಹುಣಸೆಗಿಡದ ಕೆಳಗೆ ಕಂಬಳಿ ಹಾಸಿ ಬುತ್ತಿ ಬಿಚ್ಚಿದರು. ಮೋಡ ಕವಿದಿತ್ತು. ಎದುರಿಗೇ ಪಡಸಾಲೆಯ ಕೊನೆಯಲ್ಲಿ ಪ್ರವೇಶದ ಕೋಣೆ. ಅಪ್ಪಂದಿರು ಮಕ್ಕಳನ್ನು ಕರೆದುಕೊಂಡು ಒಳಗೆ ಹೋಗುವುದು, ಹೊರಗೆ ಬರುವುದು ಕಾಣುತ್ತಿತ್ತು. ಅದು ಮುಚ್ಚಿದರೆ ನನ್ನದೂ ಮುಚ್ಚಿದಂತೆ. ಮಾಮಾ ಕೈ ತೊಳೆಯಲು ಎದ್ದಾಗ ಚೊಂಬು ಹಿಡಿದು ಬೆನ್ನಿಗೆ ಹೋದೆ.

“ಮಾಮಾ, ಇವತ್ತ ಕಡೀ ದಿನಾ. ನೀವು ದೊಡ್ಡಪ್ಪಗ ಒಂದ ಮಾತ ಹೇಳ್ರಿ. ನೀವು ಹೇಳಿದ್ರ ಕೇಳ್ತಾನ.”

ಅವನು ಸುತ್ತ ನೋಡಿದ. “ತಡಿ ತಂಗಿ, ಹೊತ್ತು ನೋಡಿ ಹೇಳ್ತೇನಿ.”

“ಹೊತ್ತು ಎಲ್ಲೈತ್ರಿ? ಇನ್ನೊಂದು ತಾಸಿಗೆ ಬಾಗಲಾ ಹಾಕ್ತಾರ.”

“ಹಿರಿಯಾರು ನಿನ್ನ ಛಲೋಕ್ಕ ಮಾಡ್ತಾರವಾ. ಸಂಸಾರ ಅನ್ನೂದೂ ಒಂದು ವಿಶ್ವವಿದ್ಯಾಲಯನ ನೋಡು” ಎಂದು ಹೇಳಿ, ಕೈ ಒರೆಸಿಕೊಂಡು, ಹುಣಸೆಗಿಡದ ವಯಸ್ಸಿನ ಬಗ್ಗೆ ಎಲ್ಲರಿಗೂ ಕೇಳುವಂತೆ ಹೇಳುತ್ತ ಹೋದ. ಅದೇ ಬಾಯಿ, ಅದೇ ಗಂಟಲು. ಆ ಸಮಾರಂಭದ ದಿನ ನಾನು ಸುರಿಸಿದ ಕಣ್ಣೀರು ನೆನೆದು ನನ್ನ ಮೇಲೆ ನನಗೇ ಹೇಸಿಕೆಯಾಯಿತು. ದೊಡ್ಡಪ್ಪ ಕಡೆಗೂ ಅರಳೆಯನ್ನು ಅರಳೆ ಎಂದೇ ಮಾರುತ್ತಿದ್ದ. ಈ ಮನುಷ್ಯ ಮೇಲೆ ಒಣಗಿದ್ದು ತುಂಬಿ ಒಳಗೆ ಹಸಿ ಇಟ್ಟುಕೊಂಡವನು.

ಮಾದಲಿ ಬಾಯಿಗೆ ಹೋಗುವ ಮೊದಲೇ ಮಳೆ ಸುರಿಯಿತು. ಬುತ್ತಿ, ಕಂಬಳಿ, ಮುದಿ ಅತ್ತೆ ಎಲ್ಲವನ್ನೂ ಎತ್ತಿಕೊಂಡು ಓಡಿದೆವು. ಹತ್ತಿರವಿದ್ದ ಸೂರು ಅದೇ, ಪ್ರವೇಶದ ಕೋಣೆಯ ಮುಂದಿನ ಪಡಸಾಲೆ. ಅಲ್ಲಿ ಕಾಯುತ್ತಿದ್ದವರ ಕೊಡೆಗಳು ಗೋಡೆಗೆ ಸಾಲಾಗಿ ನಿಂತು ನೀರು ಸುರಿಸುತ್ತಿದ್ದವು. ಆ ವಾಸನೆಯಲ್ಲಿ ಒದ್ದೆಯಾಗಿ ನಿಂತೆವು.

ಒಳಗಿನಿಂದ ಒಬ್ಬ ಪ್ರೊಫೆಸರು ಹೊರಗೆ ಬಂದರು. ಕೋಟು, ಟೈ. ಮುಂಬೈ ಕಡೆಯವರು, ಹೊಸಬರು, ಕನ್ನಡ ಒಂದಕ್ಷರ ಬಾರದು. ಹುಡುಗರ ಸಾಲಿನ ನಡುವೆ ಒಬ್ಬ ಹುಡುಗಿ, ಹಿಂದೆ ರುಮಾಲು ಸುತ್ತಿದ ಹಿರಿಯ, ಜೊತೆಗೆ ಆಶೀರ್ವಾದಕ್ಕೆಂದು ಬಂದಂತಿದ್ದ ಇಡೀ ಮನೆತನ. ಅವರ ಮುಖ ಅರಳಿತು. ಅಡ್ಮಿಶನ್ನಿಗೆ ಬಂದಿದ್ದೀಯಾ ಎಂದು ಇಂಗ್ಲಿಷಿನಲ್ಲಿ ನನ್ನನ್ನೇ ಕೇಳಿದರು.

ಅಲ್ಲಿದ್ದ ನಮ್ಮವರಲ್ಲಿ ಆ ಪ್ರಶ್ನೆ ಅರ್ಥವಾದದ್ದು ಇಬ್ಬರಿಗೆ. ಮಾಮಾನಿಗೆ ಕೆಮ್ಮು ಬಂತು. ನಾನು “ಯೆಸ್ ಸರ್” ಅಂದೆ.

ಮ್ಯಾಟ್ರಿಕ್‌ನಲ್ಲಿ ಹೇಗೆ ಮಾಡಿದ್ದೀಯಾ ಅಂದರು. ಹೇಳಿದೆ. ಭಲೇ ಎಂದು ನಕ್ಕು, ನೇರವಾಗಿ ದೊಡ್ಡಪ್ಪನ ಮುಂದೆ ಹೋಗಿ ಬಲಗೈ ಚಾಚಿದರು.

ದೊಡ್ಡಪ್ಪ ಆ ಕೈ ನೋಡಿದ. ಅವನ ಜನ್ಮದಲ್ಲಿ ಯಾರಾದರೂ ಅವನ ಮುಂದೆ ಹಾಗೆ ಕೈ ಚಾಚಿದ್ದರೆ ಅದು ಒಂದೇ ಕಾರಣಕ್ಕೆ. ಏನು ಮಾಲು, ಯಾರ ಮಾಲು, ತನಗೆ ಬೇಕೋ ಬೇಡವೋ, ಅದೆಲ್ಲ ಆಮೇಲಿನ ಮಾತು. ಚಾಚಿದ ಕೈಯನ್ನು ಬರಿದೇ ಬಿಡುವುದು ಪೇಟೆಯಲ್ಲಿ ಅವಮಾನ, ದರ ತಿಳಿದುಕೊಳ್ಳುವುದರಲ್ಲಿ ನಷ್ಟವಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಹೆಗಲ ಮೇಲಿನ ಶಲ್ಯ ಪ್ರೊಫೆಸರರ ಕೈಯ ಮೇಲೆ ಬಿತ್ತು. ಅವನ ಮುಖ ಕಲ್ಲಾಯಿತು. ಶಲ್ಯದ ಅಡಿಯಲ್ಲಿ ಬೆರಳುಗಳು ಆಡುವುದು ನನಗೆ ಕಾಣುತ್ತಿತ್ತು.

ಪ್ರೊಫೆಸರರು ಒಂದು ಕ್ಷಣ ಬೆಚ್ಚಿದರು. ಆಮೇಲೆ ಇದು ಈ ಸೀಮೆಯವರ ಮರ್ಯಾದೆಯ ಕ್ರಮವಿರಬೇಕು ಎಂದುಕೊಂಡರೋ ಏನೋ. ಬಹಳ ಸಭ್ಯ ಮನುಷ್ಯ. ನಗುತ್ತ, ತಮ್ಮ ಎಡಗೈಯನ್ನೂ ಶಲ್ಯದ ಮೇಲಿಟ್ಟು, ಗಟ್ಟಿಯಾಗಿ ಒತ್ತಿ, ಎರಡು ಸಲ ಮೇಲೆ ಕೆಳಗೆ ಕುಲುಕಿದರು.

“ಅಯ್ಯ ಶಿವನ!” ದೊಡ್ಡವ್ವ ಒದರಿದಳು. “ಏನು ತಗೊಂಡ್ರಿ?”

ಪ್ರೊಫೆಸರರು ಬನ್ನಿ ಎಂದು ಕೈಸನ್ನೆ ಮಾಡಿ ಒಳಗೆ ಹೋದರು. ದೊಡ್ಡಪ್ಪ ಶಲ್ಯ ಕೈಯಲ್ಲಿ ಹಿಡಿದು ನಿಂತೇ ಇದ್ದ. ಹಣೆಯ ಮೇಲೆ ಮಳೆಹನಿಯಲ್ಲದ ನೀರು. “ಗುರಪ್ಪಾ, ಏನು ಮಾರಿದ ಇಂವ ನನಗ?” ಅಂದ.

ಮಾಮಾ ಗಡಿಬಿಡಿಯಿಂದ ಮುಂದೆ ಬಂದ. “ಏನೂ ಇಲ್ರಿ ಮಾವಾರ, ಏನೂ ಇಲ್ಲ. ನೀಲಾನ್ನ ಕಾಲೇಜಿಗೆ ಹಚ್ಚಾಕ ಬಂದೀರಿ ಅಂತ ತಿಳಕೊಂಡಾರ. ನಾ ಒಳಗ ಹೋಗಿ ಹೇಳ್ತೇನಿ, ನಾವು ಸುಮ್ನ ನೋಡಾಕ ಬಂದವರು ಅಂತ.”

“ಕೈ ಒತ್ತಿದ್ನಲ್ಲೋ.”

“ಅದು ಇಂಗ್ಲೀಷರ ಪದ್ಧತಿರಿ. ನಾವು ಶರಣು ಅಂದಂಗ. ಹಾದ್ಯಾಗ ಸಿಕ್ಕವರಿಗೆಲ್ಲಾ ಕೈ ಕೊಡ್ತಾರ. ಅದಕ್ಕ ಅರ್ಥ ಇಲ್ರಿ.”

ಎಂಥ ಜ್ಞಾನ ನೋಡಿ! ಒಂದು ಮಾತು ಹೇಳು ಎಂದು ಬೇಡಿಕೊಂಡಾಗ ಹೊತ್ತು ಸಿಗದವನಿಗೆ, ನನ್ನ ಕುತ್ತಿಗೆ ಕೊಯ್ಯಲು ಸರಿಯಾದ ಹೊತ್ತು ಸಿಕ್ಕಿತು. ಅವನು ಹೇಳಿದ್ದರಲ್ಲಿ ಒಂದು ಸುಳ್ಳೂ ಇರಲಿಲ್ಲ. ಅದಕ್ಕೇ ನನಗೆ ಅವನನ್ನು ಅಲ್ಲೇ ಮಳೆಯೊಳಗೆ ನೂಕಬೇಕು ಅನ್ನಿಸಿತು.

ನನ್ನ ಬಾಯಿ ನನಗೆ ಗೊತ್ತಿಲ್ಲದೇ ತೆರೆಯಿತು. “ದೊಡ್ಡಪ್ಪಾ, ಅವರು ಸೀಟು ಕೊಟ್ಟಾರ. ನೀವು ಕೈ ಕೊಟ್ಟೀರಿ. ಇಷ್ಟು ಮಂದಿ ನೋಡ್ಯಾರ.”

“ಏ ಹುಚ್ಚಿ, ಸುಮ್ನಿರು” ಅಂದ ಮಾಮಾ. “ಅವರಿಗೆ ಇದರ ಅರ್ಥ ಗೊತ್ತಿಲ್ಲ ಅಂತ ಹೇಳಾಕತ್ತಿಲ್ಲೇನು ನಾನು?”

ಕಾಯುತ್ತಿದ್ದ ಅಪ್ಪಂದಿರೆಲ್ಲ ನಮ್ಮನ್ನೇ ನೋಡುತ್ತಿದ್ದರು. ಅವರಲ್ಲಿ ಒಂದಿಬ್ಬರು ರುಮಾಲಿನವರು ನಮ್ಮ ಕಡೆಯ ರೈತರು, ಪೇಟೆಗೆ ಹತ್ತಿ ತರುವವರು. ಅವರಿಗೆ ಶಲ್ಯ ಕಂಡಿತ್ತು. ದೊಡ್ಡಪ್ಪ ತನ್ನ ಬಲಗೈಯನ್ನು ತಿರುವಿ ಮುರುವಿ ನೋಡಿಕೊಂಡ. ಆ ಗಳಿಗೆಯಲ್ಲಿ ನಾನು ಅವನ ಮೊಂಡತನಕ್ಕೆ ಮನಸ್ಸಿನೊಳಗೇ ಕೈಮುಗಿದೆ. ಎಲ್ಲಾದರೂ ಈ ಮನುಷ್ಯ ಶಾಣ್ಯಾ ಆಗಿಬಿಟ್ಟಾನು ಎಂಬ ಭಯ ನನಗೆ.

“ಅವರ ಕೈಗೆ ಅರ್ಥ ಇಲ್ಲಂದ್ರ ಇರವಲ್ದ್ಯಾಕ” ಅಂದ ಕೊನೆಗೆ. “ನನ್ನ ಕೈಗೈತಿ.”

“ಮತ್ತ ರಾಣೆಬೆನ್ನೂರು?” ಎಂದು ದೊಡ್ಡವ್ವ ಹೌಹಾರಿದಳು. “ಅವರಿಗೆ ಏನು ಹೇಳ್ತೀರಿ? ಹೂಂ ಅಂದೀರಲ್ಲ?”

“ಬಾಯಿಲೆ ಅಂದೇನಿ. ಕೈ ಕೊಟ್ಟಿಲ್ಲ.”

ನನ್ನ ಲಗ್ನ ಮುರಿದದ್ದು ಹೀಗೆ. ಹೆಣ್ಣುಮಗಳೊಬ್ಬಳ ಬಾಳಿನ ಬಗ್ಗೆ ಆ ಪಡಸಾಲೆಯಲ್ಲಿ ಯಾರೂ ಯೋಚಿಸಿದ್ದಿಲ್ಲ ಎಂಬುದು ನಿಮಗೆ ತಿಳಿಯಲಿ. ವಿದ್ಯೆ ದೊಡ್ಡದೆಂದು ದೊಡ್ಡಪ್ಪನಿಗೆ ಅನ್ನಿಸಲಿಲ್ಲ, ನನ್ನ ಮೇಲೆ ಕರುಣೆಯೂ ಬರಲಿಲ್ಲ. ಹಸಿ ಅಂಡಿಗೆ ಹೇಗೆ ಮನೆಗೆ ತಂದನೋ ಹಾಗೆ ನನ್ನನ್ನು ಕಾಲೇಜಿಗೆ ಹಾಕಲು ಹೊರಟ. ಅದನ್ನು ನಾನು ಔದಾರ್ಯ ಎಂದು ಕರೆಯಲಾರೆ. ಸ್ತ್ರೀಶಿಕ್ಷಣದ ಭಾಷಣಕಾರನ ವಿದ್ಯೆಯೆಲ್ಲ ಸೇರಿ ನನಗೆ ಕೊಡದೆ ಹೋದದ್ದನ್ನು ಆ ಮೊಂಡತನ ಕೊಟ್ಟಿತು, ಅಷ್ಟೆ.

ಒಳಗೆ ಹೋದೆವು. ಒದ್ದೆ ಕಾಲುಗಳಿಂದ ನೆಲವೆಲ್ಲ ಕೆಸರು. ದೊಡ್ಡಪ್ಪ ಹೇಳಿದ ಕಡೆ ಸಹಿ ಮಾಡಿದ. ಪ್ರೊಫೆಸರರು ಏನೋ ಕೇಳಿದರು. ಮಾಮಾ, ಈಗ ಎಲ್ಲ ತಾನೇ ಮಾಡಿಸಿದವನ ಹಾಗೆ ಕುರ್ಚಿಯ ಅಂಚಿನಲ್ಲಿ ಕೂತು, “ಯಾವ ವಿಷಯ ತಗೋತಾಳ ಅಂತ ಕೇಳ್ತಾರ್ರಿ ಮಾವಾರ. ಏನು ಹೇಳೋಣು? ಹೆಣ್ಣಹುಡುಗಿ, ಯಾವದರೆ ಹಗರಾನ್ನ ವಿಷಯ...” ಅಂದ.

“ನನ್ನ ಯಾಕ ಕೇಳ್ತಿ?” ಅಂದ ದೊಡ್ಡಪ್ಪ. “ಓದಾಕಿ ಅಕಿ. ಅಕಿನ್ನ ಕೇಳು.”

ಮ್ಯಾಟ್ರಿಕ್ ಪಾಸಾದ ಸುದ್ದಿ ಬಂದಾಗಿನಿಂದ ನಮ್ಮ ಮನೆಯವರು ನನ್ನನ್ನು ಏನಾದರೂ ಕೇಳಲು ಹೊರಟದ್ದು ಅದೇ ಮೊದಲು. ಎಷ್ಟು ದಿನ ಅದಕ್ಕಾಗಿ ಕಾದಿದ್ದೆನೋ! ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು.

“ಗಣಿತ” ಅಂದೆ.

“ಗಣಿತ ಅಂದ್ರ?” ದೊಡ್ಡಪ್ಪ ಮಾಮಾನನ್ನು ಕೇಳಿದ.

“ಲೆಕ್ಕಾರಿ.”

“ಲೆಕ್ಕಾ?” ದೊಡ್ಡಪ್ಪನ ದನಿ ಇಡೀ ಕೋಣೆಗೆ ಕೇಳಿಸಿತು. “ಅದನ್ನ ಮನ್ಯಾಗ ಪುಕ್ಕಟ ನಾನ ಕಲಸ್ತಿದ್ನಲ್ಲ!”

“ಕಲಸಲಿಲ್ಲಲ್ರಿ, ದೊಡ್ಡಪ್ಪಾ” ಅಂದೆ.

ದೊಡ್ಡಪ್ಪ ನನ್ನ ಮುಖ ನೋಡಿದ. ಆಮೇಲೆ ಮಾಮಾನ ಕಡೆ ತಿರುಗಿ, “ಬರಸು” ಅಂದ.